ಹಿಂದಕ್ಕೆ ಎಳೆಯಲಾಗದ ಕೊಳ್ಳಿ

ನಮ್ಮ ಮನೆಯ ಒಲೆಯನ್ನು ಮೊದಲ ಸಲ ನೋಡಿದ ಅಮ್ಮ ಅದಕ್ಕೊಂದು ಸುತ್ತು ಬಂದಳು. ಬಗ್ಗಿ ಗಾಜಿನ ಬಾಗಿಲಲ್ಲಿ ಇಣುಕಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಇದರ ಬಾಯಿ ಮುಚ್ಚಿಯೇ ಇರುತ್ತದಲ್ಲ ಪುಟ್ಟಿ, ಉರಿ ಹೆಚ್ಚಾದರೆ ಕೊಳ್ಳಿ ಎಳೆಯುವುದು ಹೇಗೆ?"

ಎಳೆಯುವ ಹಾಗಿಲ್ಲ ಅಮ್ಮ, ಗಾಳಿ ಕಡಿಮೆ ಮಾಡಬೇಕು ಎಂದೆ.

"ಗಾಳಿ ನಿನ್ನ ಮಾತು ಕೇಳುತ್ತದೆಯೋ?" ಎಂದಳು. ನಾನು ನಕ್ಕೆ. ಆರು ಚಳಿಗಾಲ ಈ ಒಲೆಯ ಜೊತೆ ಸಂಸಾರ ಮಾಡಿದವಳೆಂಬ ಜಂಬ ನನಗಿತ್ತು.

ನಾವಿರುವುದು ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಗುಡ್ಡದ ಹಳ್ಳಿಯಲ್ಲಿ. ಇಲ್ಲಿ ಸೌದೆ ಒಲೆ ಎಂದರೆ ಅಡುಗೆಯ ಒಲೆಯಲ್ಲ, ಮನೆ ಬೆಚ್ಚಗಿಡುವ ಒಲೆ. 1973ರಲ್ಲಿ ತೈಲದ ಬೆಲೆ ಏರಿ ಜನ ಕಂಗಾಲಾದ ಮೇಲೆ ಈ ಕಡೆಯ ಎಷ್ಟೋ ಮನೆಗಳಿಗೆ ಮತ್ತೆ ಸೌದೆ ಬಂತಂತೆ. ಆ ಅಲೆಯಲ್ಲೇ ಬಂದ ಒಲೆಯೊಂದನ್ನು ಹಿಂದಿನ ಮನೆಯವರು ನಮಗೆ ಬಿಟ್ಟುಹೋಗಿದ್ದರು. ಬೀಡುಕಬ್ಬಿಣದ್ದು, ನಾಲ್ಕು ಜನ ಸೇರಿದರೂ ಸುಲಭವಾಗಿ ಅಲುಗದ ಭಾರ. ಮುಂದೆ ಗಾಜಿನ ಬಾಗಿಲು, ಹಿಂದೆ ಗಾಳಿ ಬಿಡಲು ಒಂದು ಸಣ್ಣ ಮುಚ್ಚಳ ಮತ್ತು ಅದಕ್ಕೊಂದು ಹಿಡಿ, ಮೇಲೆ ಕೊಳವೆಯೊಳಗೆ ತಿರುಗುವ ತಟ್ಟೆ, ಕೆಳಗೆ ಬೂದಿ ತಟ್ಟೆಗೆಂದು ಪುಟ್ಟದೊಂದು ಬಾಗಿಲು. ಆ ಕೊಳವೆಯ ತಟ್ಟೆಗೆ ಅಮ್ಮ ಎರಡನೆಯ ದಿನವೇ 'ತೂಬು' ಎಂದು ಹೆಸರಿಟ್ಟಳು. ಕೆರೆಯ ನೀರನ್ನು ಹಿಡಿದು ಬಿಡುವ ಹಾಗೆ ಹೊಗೆಯನ್ನು ಹಿಡಿದು ಬಿಡುವುದು. ಅದಕ್ಕಿಂತ ಸರಿಯಾದ ಹೆಸರು ನನಗೆ ಇಂದಿಗೂ ಸಿಕ್ಕಿಲ್ಲ.

ಅವಳು ಬಂದದ್ದು ನನ್ನ ಬಾಣಂತನಕ್ಕೆ. ಮಗು ಹುಟ್ಟಿದ್ದು ಡಿಸೆಂಬರಿನಲ್ಲಿ. ತೀರ್ಥಹಳ್ಳಿಯ ಕಡೆಯ ಹಳ್ಳಿಯಿಂದ ಎದ್ದು ಬಂದು, ಮೊಣಕಾಲುದ್ದದ ಹಿಮವನ್ನು ಕಿಟಕಿಯಿಂದ ಒಮ್ಮೆ ನೋಡಿ, "ಇದೆಂಥ ಜಾಗದಲ್ಲಿ ಹಡೆದೆಯೇ" ಎಂದು ಅವಳು ಮುಖ ಮುಚ್ಚಿಕೊಂಡದ್ದು ನೆನಪಿದೆ. ನಮ್ಮ ಕಡೆ ಬಾಣಂತಿಯ ಕೋಣೆ ಎಂದರೆ ಬಾಗಿಲು ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು, ಸಾಂಬ್ರಾಣಿ ಹಾಕಿ, ಒಳಗೆ ಹೋದವರು ಬೆವರಿ ಹೊರಬರಬೇಕು. ಇಲ್ಲಿ ಕೋಣೆಯ ಉಷ್ಣತೆ 20 ಡಿಗ್ರಿ ಇದ್ದರೆ ದಾದಿಯರು ತಲೆದೂಗುತ್ತಾರೆ. ಅಮ್ಮನಿಗೆ 20 ಡಿಗ್ರಿ ಎಂದರೆ ಮಾಘ ಮಾಸದ ಬೆಳಗು. ಹಾಗಾಗಿ ಒಲೆಯ ಅಧಿಕಾರವನ್ನು ಅವಳು ನನ್ನಿಂದ ಕೇಳಲಿಲ್ಲ, ತೆಗೆದುಕೊಂಡಳು.

ಅವಳಿಗೆ ಬೆಂಕಿ ಗೊತ್ತಿರಲಿಲ್ಲ ಎಂದಲ್ಲ. ನಮ್ಮ ಮನೆಯ ಬಚ್ಚಲೊಲೆಯನ್ನು ಅವಳು ನಲವತ್ತು ವರ್ಷ ಉರಿಸಿದ್ದಾಳೆ. ಮಣ್ಣಿನ ಕಟ್ಟೆಯಲ್ಲಿ ಹುದುಗಿಸಿದ ತಾಮ್ರದ ಹಂಡೆ, ಕೆಳಗೆ ಅಗಲ ಬಾಯಿಯ ಗೂಡು. ಅದಕ್ಕೆ ಮಾರುದ್ದದ ಸೌದೆ, ಅಡಿಕೆ ಸೋಗೆ, ತೆಂಗಿನ ಮಟ್ಟೆ, ಮಳೆಗಾಲದಲ್ಲಿ ಬೆಂಕಿ ಹಿಡಿಸಲು ಗೆರಟೆ. ಕೊಳ್ಳಿಯ ತುದಿ ಮಾತ್ರ ಒಳಗೆ, ಉಳಿದದ್ದೆಲ್ಲ ಹೊರಗೆ ಬಚ್ಚಲ ನೆಲದ ಮೇಲೆ ಚಾಚಿಕೊಂಡಿರುತ್ತದೆ. ಉರಿ ಬೇಕೆಂದರೆ ಕಾಲಿನಲ್ಲಿ ಒಂದು ಗೇಣು ಒಳಗೆ ನೂಕಿದರಾಯಿತು. ಸಾಕೆನಿಸಿದರೆ ಎಳೆದರಾಯಿತು. ಹಂಡೆ ಕುದಿಯತೊಡಗಿ ಮುಚ್ಚಳ ಕುಣಿಯುವಾಗ ಅಜ್ಜಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು, "ಉರಿಯುವುದನ್ನು ಎಳೆದರೆ ಕುದಿಯುವುದು ತಾನೇ ನಿಲ್ಲುತ್ತದೆ, ಎಳೆಯಿರೇ." ಎಳೆದ ಕೊಳ್ಳಿಗೆ ಒಂದು ಚೊಂಬು ನೀರು. ಚುಂಯ್ ಎಂದು ಹೊಗೆ, ಕೆಮ್ಮು. ನಾಳೆಗೆ ಅದೇ ಕೊಳ್ಳಿ.

ಅಂದರೆ ನಮ್ಮ ಒಲೆಗಳಲ್ಲಿ ಬೆಂಕಿಯ ಲಗಾಮು ಇದ್ದದ್ದು ಸೌದೆಯಲ್ಲಿ. ಗಾಳಿಗೆ ಎಲ್ಲ ದಿಕ್ಕಿನಿಂದಲೂ ದಾರಿ. ಅದನ್ನು ಯಾರೂ ತಡೆಯುವುದಿಲ್ಲ, ತಡೆಯಲು ಆಗುವುದೂ ಇಲ್ಲ. ಈ ಕಬ್ಬಿಣದ ಒಲೆಯದ್ದು ಪೂರ್ತಿ ತಿರುವುಮುರುವು. ಹತ್ತು ತುಂಡು ಸೌದೆಯನ್ನು ಒಟ್ಟಿಗೆ ಒಳಗಿಟ್ಟು ಬಾಗಿಲು ಹಾಕಿದ ಮೇಲೆ ಅದು ಸುಟ್ಟೇ ಮುಗಿಯಬೇಕು. ಲಗಾಮು ಇರುವುದು ಗಾಳಿಯಲ್ಲಿ ಮಾತ್ರ. ಇದನ್ನು ಅಮ್ಮನಿಗೆ ಸರಿಯಾಗಿ ಹೇಳದೆ, "ಈ ಹಿಡಿ ಎಡಕ್ಕೆ ತಿರುಗಿಸಿದರೆ ಕಡಿಮೆ, ಬಲಕ್ಕೆ ಹೆಚ್ಚು" ಎಂದು ಗ್ಯಾಸ್ ಒಲೆಯ ಪಾಠ ಮಾಡಿದ್ದೆ.

ಇನ್ನೊಂದು ಪಾಠವನ್ನೂ ಮಾಡಿದ್ದೆ. ಬೆಳಿಗ್ಗೆ ಕೆಂಡ ಕಡಿಮೆಯಿದ್ದು ಸೌದೆ ಬೇಗ ಹತ್ತದಿದ್ದರೆ ಕೆಳಗಿನ ಬೂದಿಬಾಗಿಲನ್ನು ಎರಡು ನಿಮಿಷ ಸ್ವಲ್ಪ ತೆರೆದಿಡುವುದು. ಗಾಳಿ ಜಾಲರಿಯ ಅಡಿಯಿಂದ ನೇರವಾಗಿ ಕೆಂಡಕ್ಕೆ ನುಗ್ಗುತ್ತದೆ, ಕಮ್ಮಾರನ ತಿದಿ ಊದಿದ ಹಾಗೆ. ಒಲೆಯ ಕೈಪಿಡಿಯಲ್ಲಿ ಇದನ್ನು ಮಾಡಬೇಡಿ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದೆ. ಆರು ವರ್ಷ ಪ್ರತಿ ದಿನ ಮಾಡಿದ್ದೆ, ಏನೂ ಆಗಿರಲಿಲ್ಲ. ಅಮ್ಮನಿಗೆ ಅದು ಬಹಳ ಹಿಡಿಸಿತು. "ಇದು ಊದುಕೊಳವೆ," ಎಂದಳು.

ಜನವರಿಯ ಆ ರಾತ್ರಿ ಹೊರಗೆ ಸೊನ್ನೆಯ ಕೆಳಗೆ 28 ಡಿಗ್ರಿ. ನನ್ನ ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಮಗುವಿಗೆ ಹಾಲೂಡಿಸುತ್ತ ಒಳಕೋಣೆಯಲ್ಲಿ ಅರೆನಿದ್ದೆಯಲ್ಲಿದ್ದೆ. ಮೊದಲು ಬಂದದ್ದು ವಾಸನೆ, ದೋಸೆ ಹುಯ್ಯಲು ಮರೆತು ಖಾಲಿ ಕಾದ ಕಾವಲಿಯ ವಾಸನೆ. ಆಮೇಲೆ ಟಕ್ ಟಕ್ ಎಂದು ಕಬ್ಬಿಣ ಹಿಗ್ಗುವ ಸದ್ದು. ಅದು ದಿನವೂ ಕೇಳುವುದೇ ಎಂದು ಸುಮ್ಮನಿದ್ದೆ. ಮೂರನೆಯದು ದಿನವೂ ಕೇಳುವುದಲ್ಲ: ಅಕ್ಕಿ ಗಿರಣಿಯ ಹತ್ತಿರ ನಿಂತರೆ ಕೇಳುವಂಥ ಒಂದೇ ಸಮನೆಯ ಭೋರ್ಗರೆತ. ಅಷ್ಟರಲ್ಲಿ ಅಮ್ಮನ ದನಿ ಬಂತು. ಅವಳು ಕೂಗಲಿಲ್ಲ, ಮಗು ಏಳುತ್ತದೆಂದು ಮೆಲ್ಲಗೇ ಹೇಳಿದಳು. "ಪುಟ್ಟಿ, ಕೊಳವೆಗೆ ಬಣ್ಣ ಬರುತ್ತಿದೆ."

ಬಂದಿತ್ತು. ಮಗುವಿಗೆಂದು ದೀಪ ಆರಿಸಿದ್ದ ಹಜಾರದಲ್ಲಿ, ಒಲೆಯಿಂದ ಎರಡಡಿ ಮೇಲೆ, ಕಪ್ಪು ಕೊಳವೆಯ ಒಂದು ಪಟ್ಟಿ ಆರಿದ ಕುಂಕುಮದ ಬಣ್ಣದಲ್ಲಿ ಹೊಳೆಯುತ್ತಿತ್ತು. ದೀಪ ಹತ್ತಿದ್ದಿದ್ದರೆ ಬಹುಶಃ ಕಾಣುತ್ತಲೇ ಇರಲಿಲ್ಲ. ಯಾವುದೇ ಗಟ್ಟಿ ವಸ್ತು ಕಾದು ಕಣ್ಣಿಗೆ ಕಾಣುವಂತೆ ಕೆಂಪೇರುವುದು ಸುಮಾರು 525 ಡಿಗ್ರಿ ಸೆಲ್ಸಿಯಸ್‌ನಲ್ಲಿ. 1847ರಲ್ಲಿ ಡ್ರೇಪರ್ ಎಂಬ ವಿಜ್ಞಾನಿ ಇದನ್ನು ಗುರುತಿಸಿದ್ದ. ಕೊಳವೆಗೆ ಅಂಟಿಸಿದ್ದ ಅಯಸ್ಕಾಂತದ ಉಷ್ಣಮಾಪಕದಲ್ಲಿ ಒಳ್ಳೆಯ ಉರಿಯ ಪಟ್ಟಿ ಮುಗಿಯುವುದು 245ರ ಆಸುಪಾಸಿನಲ್ಲಿ. ಮುಳ್ಳು ಕೆಂಪು ಪಟ್ಟಿಯನ್ನೂ ದಾಟಿ, ಮುಂದೆ ಹೋಗಲು ಅಂಕಿಗಳೇ ಇಲ್ಲದೆ ನಿಂತಿತ್ತು. ಹೊಗೆಯ ಎಚ್ಚರಿಕೆಯ ಗಂಟೆ ಬಾರಿಸಲೇ ಇಲ್ಲ. ಬಾರಿಸಲು ಹೊಗೆ ಎಲ್ಲಿತ್ತು? ಅಷ್ಟು ಚೊಕ್ಕ ಉರಿ.

ಅಮ್ಮನ ಕೈಯಲ್ಲಿ ನೀರಿನ ಪಾತ್ರೆ ಇತ್ತು. ಒಲೆಯ ಮೇಲೆ ಹಬೆಗೆಂದು ಇಟ್ಟಿದ್ದನ್ನೇ ಬಟ್ಟೆಯಲ್ಲಿ ಹಿಡಿದು ಎತ್ತಿಕೊಂಡಿದ್ದಳು. ಬೇಡ ಬೇಡ ಎಂದು ನಾನು ಕಿರುಚಿದ ರಭಸಕ್ಕೆ ಮಗು ಎದ್ದೇಬಿಟ್ಟಿತು. ಕಾದು ಕೆಂಪಾದ ಬೀಡುಕಬ್ಬಿಣಕ್ಕೆ ನೀರು ಬಿದ್ದರೆ ಅದು ಸೀಳುತ್ತದೆ. ನೀರು ಹಬೆಯಾಗುವಾಗ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಮುಚ್ಚಿದ ಒಲೆಯೊಳಗೆ ಅದಕ್ಕೆ ಜಾಗವಿಲ್ಲ, ಹಾಗಾಗಿ ಕೆಂಡವನ್ನು ಹೊತ್ತುಕೊಂಡೇ ಹೊರಗೆ ಬರುತ್ತದೆ. ಬಚ್ಚಲೊಲೆಯ ಚೊಂಬು ನೀರು ಇಲ್ಲಿ ಸಲ್ಲದು.

ಹಿಂದಿನ ಗಾಳಿಯ ಹಿಡಿಯತ್ತ ಓಡಿದೆ. ಎಡಕ್ಕೆ ತಿರುಗಿಸಬೇಕು. ನೋಡಿದರೆ ಅದು ಆಗಲೇ ಎಡಕ್ಕಿತ್ತು. ಪೂರ್ತಿ ಮುಚ್ಚಿತ್ತು.

ಆ ಕ್ಷಣದ ಖಾಲಿತನವನ್ನು ಹೇಗೆ ಹೇಳಲಿ. ನನಗೆ ಗೊತ್ತಿದ್ದ ಲಗಾಮು ಒಂದೇ, ಅದು ಎಳೆದೇ ಇದೆ, ಕುದುರೆ ಓಡುತ್ತಲೇ ಇದೆ. ಬಾಗಿಲು ತೆರೆದು ಸೌದೆ ಹೊರಗೆಳೆಯಲೇ? ಹೌದು, ನನಗೂ ಮೊದಲು ಹೊಳೆದದ್ದು ಅದೇ, ಕೊಳ್ಳಿ ಎಳೆಯುವುದು. ಕೈಗೆ ದಪ್ಪ ಕೈಗವಸು ಹಾಕಿಕೊಂಡು ಹಿಡಿಕೆಯವರೆಗೆ ಕೈ ಚಾಚಿಯೂ ಇದ್ದೆ.

ಅಮ್ಮ ಅಷ್ಟರಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಒಲೆಯೆದುರು ನಿಂತು ಅವಳಿಗೆ ಅಭ್ಯಾಸವಿಲ್ಲ. ಜೀವಮಾನವಿಡೀ ಒಲೆಯನ್ನು ಕೂತೇ ನೋಡಿದವಳು. ನನ್ನ ಕಣ್ಣಿಗೆ ಬೀಳದ್ದು ಅವಳ ಕಣ್ಣಿಗೆ ಬಿತ್ತು. "ಕೆಳಗೆ ಬೆಳಕು ಬರುತ್ತಿದೆ ನೋಡು," ಎಂದಳು. ಬೂದಿಬಾಗಿಲು. ಸಂಜೆ ಅವಳು ಅದನ್ನು ತೆರೆದು ಮತ್ತೆ ಹಾಕಿದ್ದಳು, ಹಾಕಿದ್ದೇನೋ ನಿಜ. ಆದರೆ ಅಂಚಿನಲ್ಲಿ ಒಂದು ಇದ್ದಿಲಿನ ಚೂರು ಸಿಕ್ಕಿಕೊಂಡು ಬಾಗಿಲು ಅರ್ಧ ಬೆರಳಿನಷ್ಟು ನಿಂತಿತ್ತು. ಅಷ್ಟು ಸಂದು ಸಾಕು. ಹೊರಗೆ ಚಳಿ ಹೆಚ್ಚಿದಷ್ಟೂ ಕೊಳವೆ ಜೋರಾಗಿ ಎಳೆಯುತ್ತದೆ: ಒಳಗಿನ ಬಿಸಿಗಾಳಿ ಹಗುರ, ಹೊರಗಿನದು ಭಾರ, ಆ ವ್ಯತ್ಯಾಸವೇ ಎಳೆತ. ಸೊನ್ನೆಯ ಕೆಳಗಿನ 28 ಡಿಗ್ರಿ ನಮ್ಮ ಚಾವಣಿಯ ಮೇಲೆ ನಿಂತು ಅರ್ಧ ಬೆರಳಿನ ಸಂದಿಯಿಂದ ಇಡೀ ಹಜಾರದ ಗಾಳಿಯನ್ನು ಹೀರುತ್ತಿತ್ತು.

ಅಮ್ಮ ಕೆಂಡ ಕೆದಕುವ ಸಲಾಕೆಯಿಂದ ಚೂರನ್ನು ಮೀಟಿ, ಬಾಗಿಲನ್ನು ತಳ್ಳಿದಳು. ಚಿಲಕ ಬಿತ್ತು. ಮೂರು ಉಸಿರಿನಲ್ಲಿ ಭೋರ್ಗರೆತ ನಿಂತಿತು, ನಿಲ್ದಾಣದಲ್ಲಿ ಬಸ್ಸಿನ ಎಂಜಿನ್ ಆರಿಸಿದ ಹಾಗೆ. ಗಾಜಿನ ಹಿಂದೆ ಬಿಳಿಯಾಗಿ ಕುಣಿಯುತ್ತಿದ್ದ ಜ್ವಾಲೆ ಹಳದಿಗೆ, ಹಳದಿಯಿಂದ ಸೋಮಾರಿ ಕಿತ್ತಳೆಗೆ ಇಳಿಯಿತು. ತೂಬನ್ನು ಅರ್ಧ ತಿರುಗಿಸಿದೆ, ಪೂರ್ತಿ ಅಲ್ಲ. ಪೂರ್ತಿ ಮುಚ್ಚಿದರೆ ವಿಷಾನಿಲ ಮನೆಯೊಳಗೆ ತಿರುಗುತ್ತದೆ.

ಬಾಗಿಲು ತೆರೆಯದಿದ್ದದ್ದು ನಮ್ಮ ಪುಣ್ಯ. ಸೌದೆ ಉರಿಯುತ್ತದೆ ಎನ್ನುತ್ತೇವೆ, ಆದರೆ ಉರಿಯುವ ಜ್ವಾಲೆ ಬಹುಪಾಲು ಸೌದೆಯಿಂದ ಹೊರಬರುವ ಅನಿಲದ್ದು. ಗಾಳಿ ಕಟ್ಟಿದ ಮೇಲೂ ಕಾದ ಸೌದೆ ಅನಿಲ ಬಿಡುತ್ತಲೇ ಇರುತ್ತದೆ, ಉರಿಯಲು ಗಾಳಿಯಿಲ್ಲದೆ ಅದು ಒಳಗೇ ತುಂಬಿಕೊಳ್ಳುತ್ತದೆ. ಆಗ ತಟ್ಟನೆ ಬಾಗಿಲು ತೆರೆದರೆ ಒಮ್ಮೆಲೇ ಭಗ್ಗೆಂದು ಮುಖಕ್ಕೆ ಬರುತ್ತದೆ. ಹುಬ್ಬು ಸುಟ್ಟುಕೊಂಡವರು ಈ ಹಳ್ಳಿಯಲ್ಲೇ ಇದ್ದಾರೆ, ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ ಬೇರೆ.

ಕಾಯುವ ಹತ್ತು ನಿಮಿಷಗಳಲ್ಲಿ ನಾನು ಉಳಿದ ತಪ್ಪುಗಳನ್ನು ಎಣಿಸಿದೆ. ಮಗುವಿನ ಬಟ್ಟೆಗಳನ್ನು ಒಣಗಿಸಲು ಹಾಕಿದ್ದ ಮರದ ಚೌಕಟ್ಟು ಒಲೆಯಿಂದ ಎರಡಡಿ ದೂರದಲ್ಲಿತ್ತು. ಹತ್ತಿ ಉರಿಯುವಂಥದ್ದು ಏನಿದ್ದರೂ ಮೂರಡಿ ದೂರವಿರಬೇಕು ಎಂಬುದು ಇಲ್ಲಿನ ರೂಢಿಯ ಲೆಕ್ಕ. ಬಾಣಂತಿ ಬಟ್ಟೆ ಬೇಗ ಒಣಗಲಿ ಎಂದು ಅಮ್ಮ, ಅವಳನ್ನು ಯಾರು ತಡೆಯುತ್ತಾರೆ ಎಂದು ನಾನು. ಎಳೆದು ದೂರ ಇಟ್ಟೆ. ಹಿಂದಿನ ಗೋಡೆಗೆ ಕೈಯಿಟ್ಟೆ, ಬಿಸಿ, ಆದರೆ ಕೈಯಿಡುವಷ್ಟು. ಕಿಟಕಿಯಿಂದ ಚಾವಣಿ ನೋಡಿದೆ, ಚಿಮಣಿಯಿಂದ ಕಿಡಿ ಹಾರುತ್ತಿರಲಿಲ್ಲ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲಿಲ್ಲ. ಮಾಡಬೇಕಿತ್ತು. ಸಣ್ಣ ಹಳ್ಳಿಗಳಲ್ಲಿ ಆ ದಳ ಎಂದರೆ ಅಕ್ಕಪಕ್ಕದ ಮನೆಯ ಸ್ವಯಂಸೇವಕರೇ. ಅವರಲ್ಲೊಬ್ಬರು ಆಮೇಲೆ ನನ್ನನ್ನು ಬೈದದ್ದಕ್ಕೆ ಉತ್ತರ ಇರಲಿಲ್ಲ: ಕೊಳವೆ ಕೆಂಪಾದರೆ ಮೊದಲು ಮಗುವನ್ನೆತ್ತಿಕೊಂಡು ಹೊರಗೆ ಬಂದು ಫೋನ್ ಮಾಡು, ಸುಮ್ಮನೆ ಬಂದು ಹೋದೆವೆಂದು ನಾವು ಯಾರೂ ಬೇಸರಪಡುವುದಿಲ್ಲ.

ಜ್ವಾಲೆ ಪೂರ್ತಿ ತಗ್ಗಿದ ಮೇಲೆ ಅಮ್ಮ ಹೇಳಿದಳು, "ಇನ್ನು ಬೂದಿ ಹಾಕು."

ಬೂದಿ ಇತ್ತು. ಪಾತ್ರೆ ಬೆಳಗಲು ಬೇಕೆಂದು ಅವಳೇ ತಣ್ಣಗಾದ ಬೂದಿಯನ್ನು ಜರಡಿ ಹಿಡಿದು ತಗಡಿನ ಬಕೆಟ್ಟಿನಲ್ಲಿ ಮುಚ್ಚಿಟ್ಟಿದ್ದಳು. ಪಾತ್ರೆ ತೊಳೆಯುವ ಯಂತ್ರವಿರುವ ಮನೆಯಲ್ಲಿ ಬೂದಿ ಜರಡಿ ಹಿಡಿಯುತ್ತಿದ್ದ ಅವಳನ್ನು ನಾನು ವಾರವಿಡೀ ಗೇಲಿ ಮಾಡಿದ್ದೆ. ಬಾಗಿಲನ್ನು ಒಂದು ಬಿರುಕಿನಷ್ಟು ತೆರೆದು, ಕಾದು, ಮತ್ತೆ ಸ್ವಲ್ಪ ತೆರೆದು, ಸಣ್ಣ ಸಲಿಕೆಯಿಂದ ಕೆಂಡದ ಮೇಲೆ, ಸೌದೆಯ ಮೇಲೆ ಬೂದಿ ಸುರಿದೆವು. ಕೆಂಡ ಕಣ್ಣು ಮುಚ್ಚಿತು. ಬೂದಿ ಮುಚ್ಚಿದ ಕೆಂಡ ಎಂದು ಮನುಷ್ಯರ ಬಗ್ಗೆ ಎಷ್ಟು ಸಲ ಬರೆದಿದ್ದೇನೋ, ಕೆಂಡಕ್ಕೆ ಬೂದಿ ಮುಚ್ಚಿದ್ದು ಅದೇ ಮೊದಲು. ಬೆಳಿಗ್ಗೆ ಕೆದಕಿದಾಗ ಒಳಗೆ ಇನ್ನೂ ಕೆಂಪಿತ್ತು. ಒಲೆ ಹೊತ್ತಿಸುವುದಿದ್ದರೆ ಬೆಂಕಿಕಡ್ಡಿ ಬೇಕಾಗುತ್ತಿರಲಿಲ್ಲ.

ಒಂದು ವಾರ ಒಲೆ ಹಚ್ಚಲಿಲ್ಲ, ತೈಲದ ಹೀಟರಿನಲ್ಲಿ ಕಳೆದೆವು. ಆಮೇಲೆ ಚಿಮಣಿ ಗುಡಿಸುವ ಮುದುಕರು ಬಂದರು. ಉದ್ದನೆಯ ಕುಂಚದಿಂದ ಮೇಲಿನಿಂದ ಗುಡಿಸಿ ಕೆಳಗಿನಿಂದ ಅರ್ಧ ಬಕೆಟ್ ಕಪ್ಪು ಹೊಳಪಿನ ಚಕ್ಕೆಗಳನ್ನು ತೆಗೆದು ನಮ್ಮ ಮುಂದೆ ಇಟ್ಟರು. ಅವರು ಅದನ್ನು ಕ್ರಿಯೋಸೋಟ್ ಎಂದರು. ಅಮ್ಮ ಬೆರಳಲ್ಲಿ ಮುಟ್ಟಿ, ಮೂಸಿ, "ಇಲ್ಲಣ," ಎಂದಳು. ಅಡುಗೆಮನೆಯ ಮಾಡಿನಲ್ಲಿ ಜೋತಾಡುವ ಅದೇ ಮಸಿ, ಇಲ್ಲಿ ಗಟ್ಟಿಯಾಗಿ ಅಂಟಿಕೊಂಡಿದೆ. ಅರೆಬೆಂದ ಹೊಗೆ ತಣ್ಣನೆಯ ಕೊಳವೆಗೆ ತಾಗಿ ಹೀಗಾಗುತ್ತದೆ. ಇದೇ ಹೊತ್ತಿಕೊಂಡರೆ ಚಿಮಣಿಯೊಳಗೆ 1,100 ಡಿಗ್ರಿಯವರೆಗೂ ಹೋಗಬಹುದು, ರೈಲು ಹೋದಂಥ ಸದ್ದು ಬರುತ್ತದೆ, ಆಮೇಲೆ ಮನೆ ಉಳಿಯುವುದು ಅದೃಷ್ಟ.

ಇಷ್ಟು ಹೇಗೆ ಕೂಡಿತು ಎಂದು ಅವರು ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಏಕೆಂದರೆ ಕೂಡಿಸಿದವಳು ಅಮ್ಮನಲ್ಲ, ನಾನು. ಮೊದಲ ಚಳಿಗಾಲದಲ್ಲೇ ಒಮ್ಮೆ ಒಲೆ ಜೋರಾಗಿ ಉರಿದು ಹೆದರಿದ್ದೆ. ಅಂದಿನಿಂದ ಪ್ರತಿ ರಾತ್ರಿ ಗಾಳಿಯನ್ನು ಆದಷ್ಟೂ ಕಟ್ಟಿ, ದಪ್ಪ ದಿಮ್ಮಿಯೊಂದನ್ನು ಬೆಳಗಿನವರೆಗೂ ಕುಮುಲಿಸುತ್ತಿದ್ದೆ. ಗಾಜು ಕಪ್ಪಾಗುತ್ತಿತ್ತು, ಒರೆಸುತ್ತಿದ್ದೆ. ಜ್ವಾಲೆಯೇ ಇಲ್ಲದ ಬೆಂಕಿ ಅಪಾಯವಿಲ್ಲದ್ದು ಎಂದುಕೊಂಡಿದ್ದೆ. ಸೌದೆಯೂ ಅಂಥದ್ದೇ. ಚಳಿಗಾಲಕ್ಕೆ ನಾಲ್ಕು ಕಾರ್ಡ್ ಬೇಕು ನಮಗೆ (ಪಡಿತರದ ಕಾರ್ಡ್ ಅಲ್ಲ, 128 ಘನ ಅಡಿಯ ಒಂದು ಪೇರಿಕೆಗೆ ಇಲ್ಲಿ ಆ ಹೆಸರು). ಅಗ್ಗಕ್ಕೆ ಸಿಕ್ಕಿತೆಂದು ಅದೇ ಶರತ್ಕಾಲದಲ್ಲಿ ಕಡಿದ ಮೇಪಲ್ ತಂದಿದ್ದೆವು. ಒಲೆಗಿಟ್ಟರೆ ತುದಿಯಲ್ಲಿ ನೀರು ನೊರೆಯಾಡುತ್ತಿತ್ತು. ಸೌದೆಯ ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು, ಅದಕ್ಕೆ ಕನಿಷ್ಠ ಒಂದು ಬೇಸಿಗೆ, ಗಟ್ಟಿ ಮರಕ್ಕೆ ಎರಡು ಬೇಸಿಗೆ ಒಣಗಬೇಕು. ಆರು ವರ್ಷ ಉರಿಗೆ ಹೆದರಿ ನಾನು ಕೊಳವೆಯ ತುಂಬ ಉರಿಯನ್ನೇ ಬಳಿದಿಟ್ಟಿದ್ದೆ. ಅಮ್ಮನ ಆ ರಾತ್ರಿಯ ದಾಂಧಲೆಗೆ ಅದು ಹೇಗೆ ಹೊತ್ತಿಕೊಳ್ಳಲಿಲ್ಲವೋ ಮುದುಕರಿಗೂ ತಿಳಿಯಲಿಲ್ಲ. ಅವರು ಭುಜ ಕುಣಿಸಿ ಕಾಫಿ ಕುಡಿದರು.

ಅಮ್ಮ ಎಂದೂ ಹಾಗೆ ಮಾಡಿದವಳಲ್ಲ. ಅವಳ ಬೆಂಕಿ ಯಾವಾಗಲೂ ಸಣ್ಣದು, ಆದರೆ ಜ್ವಾಲೆ ಇರುವಂಥದ್ದು. ಎಂಬತ್ತರ ದಶಕದಲ್ಲಿ ನಮ್ಮ ಮನೆಗೂ ಅಸ್ತ್ರ ಒಲೆ ಬಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ವಿಭಾಗ ರೂಪಿಸಿದ ಒಲೆ: ಸಾಲಾಗಿ ಮೂರು ಪಾತ್ರೆ, ಅಡಿಯಲ್ಲಿ ಕಬ್ಬಿಣದ ಜಾಲರಿ, ಕೊನೆಗೆ ಹೊಗೆಕೊಳವೆ. ಸೌದೆಯನ್ನು ಗೇಣುದ್ದ ಸೀಳಿ ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೀಳುವುದು ಯಾರು ಎಂದು ಅಜ್ಜಿ ಗೊಣಗುತ್ತಿದ್ದಳು, ಆದರೆ ಅಮ್ಮನಿಗೆ ಕಣ್ಣುರಿ ಕಡಿಮೆಯಾದದ್ದು ಆಗಲೇ. ಮುದುಕರು ಹೋದ ಮೇಲೆ ಅವಳು ಆ ಪದ್ಧತಿಯನ್ನು ಈ ಒಲೆಗೂ ತಂದಳು: ಹೊಟ್ಟೆ ತುಂಬ ತುಂಬುವುದು ಬೇಡ, ಮೂರು ಸೀಳು ಹಾಕು, ಚೆನ್ನಾಗಿ ಉರಿಯಲಿ, ಮುಗಿಯುವಾಗ ಇನ್ನೆರಡು. ಕೊಳ್ಳಿ ಎಳೆಯಲು ಬರುವುದಿಲ್ಲವಾದರೆ ಹಾಕುವಾಗಲೇ ಕಡಿಮೆ ಹಾಕಬೇಕು, ಅಷ್ಟೇ. ನಾನು ಪುಸ್ತಕ ಓದಿ ಕಲಿಯಬಹುದಾಗಿದ್ದ ಪಾಠ. ಬರ್ಚ್ ಮರದ ತೊಗಟೆ ಕಾಗದದಂತೆ ಹತ್ತಿಕೊಳ್ಳುತ್ತದೆಂದು ಅದನ್ನು ಸುಲಿದು ಬೇರೆ ಬುಟ್ಟಿಗೆ ಹಾಕಿಟ್ಟಳು. ಅದು ಈಗ ನಮ್ಮ ಸೋಗೆ.

ಮುದುಕರು ಇನ್ನೊಂದು ಉಪಾಯ ತೋರಿಸಿದ್ದರು. ಬಾಗಿಲಿನ ಅಂಚಿಗೆ ಕೂರಿಸಿದ ನಾರಿನ ಹಗ್ಗ ಸವೆದರೆ ಅಲ್ಲಿಂದಲೂ ಕಳ್ಳಗಾಳಿ ನುಗ್ಗುತ್ತದೆ. ಒಲೆ ತಣ್ಣಗಿರುವಾಗ ಒಂದು ಡಾಲರ್ ನೋಟನ್ನು ಬಾಗಿಲ ಸಂದಿಯಲ್ಲಿ ಇಟ್ಟು ಮುಚ್ಚಿ ಎಳೆದು ನೋಡಬೇಕು. ಸಲೀಸಾಗಿ ಬಂದರೆ ಹಗ್ಗ ಬದಲಿಸಬೇಕು. ಅಮ್ಮ ತನ್ನ ಪರ್ಸಿನಿಂದ ಹತ್ತು ರೂಪಾಯಿಯ ನೋಟು ತೆಗೆದು ನಾಲ್ಕೂ ಕಡೆ ಇಟ್ಟು ಪರೀಕ್ಷಿಸಿದಳು. ಬೂದಿಬಾಗಿಲಿನಲ್ಲಿ ಎರಡು ಸಲ. ಎರಡನೆಯ ಸಲ ನೋಟು ಹರಿಯಿತು. ಬಹಳ ಸಂತೋಷಪಟ್ಟಳು.

ಹಗ್ಗ ಬದಲಿಸಿದೆವು, ಬಣ್ಣ ಬೆಳ್ಳಗಾಗಿದ್ದ ಕೊಳವೆಯ ತುಂಡನ್ನೂ ಬದಲಿಸಿದೆವು. ಹೊಸ ಒಲೆ ತರೋಣವೆಂದು ಗಂಡ ಹೇಳುತ್ತಲೇ ಇದ್ದಾನೆ. ಮಾರ್ಚಿನಲ್ಲಿ ಅಮ್ಮ ಊರಿಗೆ ಹೊರಟಳು.

ಮೊನ್ನೆ ರಾತ್ರಿ ಅವಳ ಫೋನ್ ಬಂತು, ಅಲ್ಲಿ ಬೆಳಗು. ವಿಡಿಯೋದಲ್ಲಿ ಮಗುವನ್ನು ತೋರಿಸುತ್ತಿದ್ದೆ. ಒಂದೂವರೆ ಹಲ್ಲು ತೋರಿಸಿ ಮಗು ನಗುತ್ತಿತ್ತು. ಅಮ್ಮ ನಗಲಿಲ್ಲ.

"ಏನದು ಗುಂಯ್ ಎನ್ನುವ ಸದ್ದು?"

ರಸ್ತೆಯಲ್ಲಿ ಹಿಮ ತಳ್ಳುವ ಲಾರಿ ಅಮ್ಮ, ಎಂದೆ.

"ಒಲೆ ತೋರಿಸು."

ಫೋನ್ ತಿರುಗಿಸಿದೆ. ಕೊಳವೆಯ ಉಷ್ಣಮಾಪಕದ ಹತ್ತಿರ ಹಿಡಿದು, ನೋಡು, ಮುಳ್ಳು ನಡುವೆಯೇ ಇದೆ ಎಂದೆ. ಆ ಮುಳ್ಳನ್ನು ಅವಳು ಎಂದೂ ನಂಬಿದವಳಲ್ಲ.

"ಮೇಲೆ ಬೇಡ, ಕೆಳಗೆ ತೋರಿಸು," ಎಂದಳು. ನಾನು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಒಲೆಯೆದುರು ಕುಕ್ಕರುಗಾಲಿನಲ್ಲಿ ಕೂತೆ.